ದೇಹದ ಹಕ್ಕು ಮತ್ತು ತಲೆನೋವು

ಅಲ್ಲಾಹನು ನಮಗೆ ಒಪ್ಪಿಸಿರುವ ಅಮಾನತ್ತುಗಳಲ್ಲಿ ದೇಹವೂ ಒಂದು. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ಆ ಹಕ್ಕು ಸಲ್ಲದಿದ್ದಾಗ ದೇಹ ದೂರು ಹೇಳುತ್ತದೆ. ಪದೇ ಪದೇ ಕಾಡುವ ತಲೆನೋವು ಅನೇಕ ವೇಳೆ ಅಂತಹ ದೂರು.

ಬನಶಂಕರಿಯ ನಮ್ಮ ಮದ್ರಸಕ್ಕೆ ಸಂಜೆ ಬರುವ ಮಕ್ಕಳಲ್ಲಿ ಕೆಲವರು ಹಣೆ ಒತ್ತಿಕೊಂಡು "ಹಜ್ರತ್, ತಲೆನೋವು" ಎನ್ನುತ್ತಾರೆ. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೆ ಉತ್ತರ ಬಹುತೇಕ ಒಂದೇ: ಚಹಾ, ಎರಡು ಬಿಸ್ಕತ್ತು. ಶಾಲೆಗೆ ಒಯ್ದ ನೀರಿನ ಬಾಟಲಿಯೂ ಅರ್ಧ ತುಂಬಿಯೇ ಇರುತ್ತದೆ.

ಇದು ಮಕ್ಕಳಿಗಷ್ಟೇ ಸೀಮಿತವಲ್ಲ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ನಗರದಲ್ಲೂ ಹಳ್ಳಿಗಳಲ್ಲೂ ಎರಡು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದವರು ನೂರಕ್ಕೆ ಸುಮಾರು 64. ಮೈಗ್ರೇನ್ ಇದ್ದವರು ನೂರಕ್ಕೆ ಸುಮಾರು 25. ಮೈಗ್ರೇನ್ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಅದಕ್ಕೆ ಆಹಾರವೊಂದೇ ಕಾರಣವಲ್ಲ. ಆದರೆ ಊಟ ತಪ್ಪುವುದು, ನೀರು ಕಡಿಮೆಯಾಗುವುದು, ನಿದ್ರೆಗೆಡುವುದು ಅದನ್ನು ಕೆರಳಿಸಬಲ್ಲವು.

ನಿತ್ಯ ಕಾಫಿ, ಚಹಾ ಕುಡಿಯುವವರಿಗೆ ಅದು ತಪ್ಪಿದ 12ರಿಂದ 24 ಗಂಟೆಗಳೊಳಗೆ ತಲೆನೋವು ಶುರುವಾಗಬಹುದು. ರಮಝಾನಿನ ಮೊದಲ ದಿನಗಳಲ್ಲಿ ಅಸರ್ ಹೊತ್ತಿಗೆ ತಲೆ ಸಿಡಿದಾಗ ಉಪವಾಸವನ್ನು ದೂರುವವರು ಇದನ್ನು ತಿಳಿಯಬೇಕು. ಶಾಬಾನಿನಲ್ಲೇ ಚಹಾ ಕಡಿಮೆ ಮಾಡುತ್ತಾ ಬರುವುದು, ಬರಕತ್ ಇರುವ ಸಹರಿಯನ್ನು ಬಿಡದಿರುವುದು, ಇಫ್ತಾರಿನ ನಂತರ ನೀರನ್ನು ರಾತ್ರಿಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಕುಡಿಯುವುದು ಸುಲಭದ ದಾರಿ.

ಎಲ್ಲರಿಗಿಂತ ಹೆಚ್ಚು ನನ್ನನ್ನು ಚಿಂತೆಗೀಡುಮಾಡುವವರು ನಮ್ಮ ಮನೆಗಳ ತಾಯಂದಿರು. ಫಜ್ರ್‌ಗೆ ಎದ್ದು, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಝುಹರ್ ಕಳೆದ ಮೇಲೆ ಅವರ ಬಾಯಿಗೆ ಮೊದಲ ತುತ್ತು. ನನ್ನ ಅಮ್ಮಿ ತಲೆಗೆ ದುಪಟ್ಟಾ ಬಿಗಿದುಕೊಂಡು ಒಲೆಯ ಮುಂದೆ ನಿಲ್ಲುತ್ತಿದ್ದುದನ್ನು ನೋಡುತ್ತಲೇ ನಾನು ಬೆಳೆದೆ. ಬಂಧುಗಳೆಲ್ಲ ಅದನ್ನು ತ್ಯಾಗವೆಂದು ಹೊಗಳುತ್ತಿದ್ದರು. ಊಟವಾಯಿತೇ ಎಂದು ಕೇಳಿದವರು ಕಡಿಮೆ. ಅಂತಹ ತಾಯಂದಿರ ಕೈಗೆ ಸಿಗುವುದು ನೋವಿನ ಮಾತ್ರೆ. ಆದರೆ ಸಾಮಾನ್ಯ ಮಾತ್ರೆಯನ್ನೂ ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು, ಹಲವು ತಿಂಗಳು ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಲ್ಲದು.

ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ(ಸ)ರ ಬೋಧನೆಯನ್ನು ಮಿತಿಮೀರಿ ತಿನ್ನುವವರಿಗೆ ನಾವು ನೆನಪಿಸುತ್ತೇವೆ. ಜೊತೆಯಾಗಿ ಉಣ್ಣುವುದರಲ್ಲಿ ಬರಕತ್ ಇದೆಯೆಂಬ ಅವರ ಬೋಧನೆಯನ್ನೂ ನೆನಪಿಸಬೇಕು. ಅಡುಗೆ ಮಾಡಿದವಳು ಬಂದು ಕೂರುವವರೆಗೆ ದಸ್ತರ್‌ಖಾನದಲ್ಲಿ ಯಾರೂ ಕೈ ಹಾಕದಿರಲಿ. ಬಡಿಸುವ ಕೆಲಸವನ್ನು ಗಂಡುಮಕ್ಕಳೂ ಹಂಚಿಕೊಳ್ಳಲಿ. ಪ್ರವಾದಿ(ಸ)ರೂ ಮನೆಗೆಲಸದಲ್ಲಿ ನೆರವಾಗುತ್ತಿದ್ದರು.

ಇದ್ದಕ್ಕಿದ್ದಂತೆ ಬರುವ ತೀವ್ರ ನೋವು, ಜ್ವರದೊಂದಿಗೆ ಕತ್ತು ಬಿಗಿಯುವುದು, ದೃಷ್ಟಿ ಮಸುಕಾಗುವುದು, ಕೈಕಾಲು ಸೋಲುವುದು ಕಂಡರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆ ಪಡೆಯುವುದೂ ಸುನ್ನತ್.

ಹಸಿದ ನೆರೆಯವನ ಬಗ್ಗೆ ವಿಚಾರಿಸುವ ಸಮುದಾಯವು ತನ್ನದೇ ಅಡುಗೆಮನೆಯ ಹಸಿವನ್ನೂ ಕಾಣುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.