ಕವಲೂರಿನ ಗುಮ್ಮಟದಲ್ಲಿ ಲಿಥಿಯಂ

ಸೇಲಂ ಬಿಟ್ಟು, ಧರ್ಮಪುರಿ ಜಿಲ್ಲೆಯ ಹರೂರು ಹಾದು, ಊತಂಗರೈ, ತಿರುಪ್ಪತ್ತೂರು ದಾಟಿ ಬಂದಿದ್ದೀರಿ. ಆಲಂಗಾಯಂ ಕಳೆದ ಮೇಲೆ ರಸ್ತೆ ಜವಾದಿ ಬೆಟ್ಟಗಳೊಳಗೆ ಸುತ್ತಿ ಸುತ್ತಿ ಏರುತ್ತದೆ. ಕವಲೂರು 725 ಮೀಟರ್ ಎತ್ತರದಲ್ಲಿದೆ. ಫೆಬ್ರವರಿಯ ನಡುರಾತ್ರಿ, ಸುತ್ತ ಕಾಡು, ಎಲ್ಲೂ ದೀಪವಿಲ್ಲ.

ವೀಕ್ಷಣಾಲಯದ ಗುಮ್ಮಟದೊಳಗೆ ಕಾಲಿಟ್ಟರೆ ಕತ್ತಲಲ್ಲಿ ಮೊದಲು ಕಾಣುವುದು ಕುದುರೆ ಲಾಳದ ಆಕಾರದ ದೈತ್ಯ ಕಬ್ಬಿಣ. ಅದರ ಹೊಟ್ಟೆಯಲ್ಲಿರುವ 234 ಸೆಂಟಿಮೀಟರ್ ಅಗಲದ ಕನ್ನಡಿಯನ್ನು ಬೆಂಗಳೂರಿನಲ್ಲೇ ಉಜ್ಜಿ ಹದಗೊಳಿಸಿದ್ದು. ಈ ದೂರದರ್ಶಕದ ಕನಸು ಕಂಡ ಖಗೋಳವಿಜ್ಞಾನಿ ವೈನು ಬಾಪು 1982ರಲ್ಲಿ ತೀರಿಕೊಂಡರು. 1986ರ ಜನವರಿ 6ರಂದು ಅದಕ್ಕೆ ಅವರದೇ ಹೆಸರಿಟ್ಟರು.

“ಮೋಡ ಇಲ್ಲ ಸಾರ್, ಶುರು ಮಾಡಬಹುದು,” ಎನ್ನುತ್ತಾರೆ ನೈಟ್ ಅಸಿಸ್ಟೆಂಟ್.

ಮೊದಲು ಸ್ವಾತಿ ನಕ್ಷತ್ರ. ಕನ್ನಡಿ ಹಿಡಿದ ಬೆಳಕು ಗಾಜಿನ ಎಳೆಯೊಂದಕ್ಕೆ ಇಳಿದು, ಬೇರೊಂದು ಕೋಣೆಯ ರೋಹಿತಮಾಪಕ ಸೇರುತ್ತದೆ. ಪರದೆಯ ಮೇಲೆ ಸಾಲುಸಾಲು ಬೆಳಕಿನ ಪಟ್ಟಿಗಳು, ನಡುನಡುವೆ ಕಪ್ಪು ಗೆರೆಗಳು. ಕೆಂಪು ಭಾಗದಲ್ಲಿ 6717 ಆಂಗ್‌ಸ್ಟ್ರಾಂ ಬಳಿ ಕ್ಯಾಲ್ಸಿಯಂನ ಗೆರೆ ದಟ್ಟವಾಗಿದೆ. ಅದರ ಪಕ್ಕದ 6708, ಅಂದರೆ ಲಿಥಿಯಂನ ಜಾಗ, ಖಾಲಿ ಎಂದೇ ಹೇಳಬೇಕು. ಸ್ವಾತಿ ಕೆಂಪು ದೈತ್ಯ, ಹಾಗಿರುವುದೇ ಸರಿ. ಸುಮಾರು 25 ಲಕ್ಷ ಡಿಗ್ರಿ ಬಿಸಿ ತಾಗಿದರೆ ಲಿಥಿಯಂ ಪ್ರೋಟಾನನ್ನು ನುಂಗಿ ಎರಡು ಹೀಲಿಯಂ ಆಗಿ ಒಡೆಯುತ್ತದೆ. ನಕ್ಷತ್ರ ಉಬ್ಬಿದಾಗ ಮೇಲ್ಪದರವೆಲ್ಲ ಒಳಕ್ಕೆ ಕದಡಿಹೋಗುತ್ತದೆ, ಇದ್ದ ಲಿಥಿಯಂ ತೀರಾ ತೆಳುವಾಗುತ್ತದೆ.

ಈಗ ಎಚ್‌ಡಿ 112127. ಸಿಂಹಕ್ಕೂ ಸ್ವಾತಿಗೂ ನಡುವೆ, ಬರಿಗಣ್ಣಿಗೆ ಸಿಗದಷ್ಟು ಮಂಕು. ಇದೂ ಕೆಂಪು ದೈತ್ಯವೇ. ಕಾಯಬೇಕು. ಎಕ್ಸ್‌ಪೋಷರ್ ಮುಗಿದು ಚಿತ್ರ ಇಳಿದಾಗ ಎದೆ ಹೊಡೆದುಕೊಳ್ಳುತ್ತದೆ: 6708ರಲ್ಲಿ ಆಳವಾದ ತಗ್ಗು! ಖಗೋಳವಿಜ್ಞಾನಿಗಳಾದ ವಾಲರ್‌ಸ್ಟೈನ್ ಮತ್ತು ಸ್ನೆಡೆನ್ 1982ರಲ್ಲಿ ಕಂಡು ಬೆರಗಾದದ್ದು ಇದನ್ನೇ. ಇಂಥವು ನೂರು ದೈತ್ಯಗಳಲ್ಲಿ ಒಂದರಂತೆ ಸಿಗುತ್ತವೆ. 2011ರಲ್ಲಿ ಭಾರತೀಯ ಖಭೌತ ಸಂಸ್ಥೆಯ ಭರತ್ ಕುಮಾರ್, ಈಶ್ವರ್ ರೆಡ್ಡಿ ಮತ್ತು ಸಂಗಡಿಗರು 2000 ದೈತ್ಯಗಳನ್ನು ಜಾಲಾಡಿ ಹೊಸದಾಗಿ 15 ಪತ್ತೆ ಮಾಡಿದರು.

ಸುಟ್ಟುಹೋಗಬೇಕಾದ ಲಿಥಿಯಂ ಇಲ್ಲಿ ಹುಟ್ಟಿದೆ. ಒಡಲಾಳದಲ್ಲಿ ಹೀಲಿಯಂ-3 ಮತ್ತು ಹೀಲಿಯಂ-4 ಕೂಡಿ ಬೆರಿಲಿಯಂ-7 ಆಗುತ್ತದೆ. ಅದು ಎಲೆಕ್ಟ್ರಾನ್ ಹಿಡಿದು ಲಿಥಿಯಂ ಆಗುತ್ತದೆ. ಪ್ರಯೋಗಾಲಯದಲ್ಲಿ ಬೆರಿಲಿಯಂ-7ರ ಅರ್ಧಾಯುಷ್ಯ 53 ದಿನ. ಲಿಥಿಯಂ ಆಗುವ ಮೊದಲೇ ಅದು ತಂಪಾದ ಪದರಕ್ಕೆ ಏರದಿದ್ದರೆ ಲಿಥಿಯಂ ಉಳಿಯುವುದಿಲ್ಲ. ಹಾಗಾಗಿ ಈ ಗೆರೆಯ ಆಳವನ್ನು ಅರ್ಥ ಮಾಡಿಕೊಳ್ಳಲು ಹೀಲಿಯಂಗಳ ಆ ಕೂಡಿಕೆ ಎಷ್ಟು ವೇಗದಲ್ಲಿ ನಡೆಯುತ್ತದೆಂದು ತಿಳಿದಿರಲೇಬೇಕು. ದೂರದರ್ಶಕ ಅದನ್ನು ಹೇಳಲಾರದು.

ಅದನ್ನು ಅಳೆಯುವವರು ನೆಲದೊಳಗಿದ್ದಾರೆ. ಇಟಲಿಯ ಗ್ರಾನ್ ಸಾಸ್ಸೋ ಬೆಟ್ಟದಡಿ, 1400 ಮೀಟರ್ ಬಂಡೆಯ ಕೆಳಗೆ, ಲೂನಾ ಎಂಬ ಪುಟ್ಟ ವೇಗವರ್ಧಕ. ನಕ್ಷತ್ರದೊಳಗಿನ ಶಕ್ತಿಯಲ್ಲಿ ಪರಮಾಣು ಬೀಜಗಳು ಒಂದನ್ನೊಂದು ದೂಡುತ್ತವೆ, ಕೂಡುವುದು ಅಪರೂಪ. ಮೇಲಿದ್ದರೆ ವಿಶ್ವಕಿರಣಗಳ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ಎರಡು ಹೀಲಿಯಂ-3 ಕೂಡುವ ಕ್ರಿಯೆಯನ್ನು ಅಲ್ಲಿ ಅಳೆದಾಗ ಅತಿ ಕಡಿಮೆ ಶಕ್ತಿಯಲ್ಲಿ ಸಿಕ್ಕದ್ದು ತಿಂಗಳಿಗೆ ಎರಡು ಘಟನೆ. ಆ ಫಲಿತಾಂಶ ಪ್ರಕಟವಾದದ್ದು 1999ರಲ್ಲಿ. ನಮ್ಮ ಲಿಥಿಯಂಗೆ ಬೇಕಾದ ಕ್ರಿಯೆಯನ್ನೂ ಅಲ್ಲೇ ಅಳೆದರು.

ಅಂಥ ಆಳ ನಮ್ಮಲ್ಲೂ ಇತ್ತು: ಕವಲೂರಿನಿಂದ ವಾಯವ್ಯಕ್ಕೆ ಕೋಲಾರದ ಚಿನ್ನದ ಗಣಿ. 1965ರಲ್ಲಿ ಅದರ 2300 ಮೀಟರ್ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಬ್ರಿಟನ್ನಿನವರ ಜೊತೆ ವಾತಾವರಣದ ನ್ಯೂಟ್ರಿನೋ ಹಿಡಿದರು. 2001ರಲ್ಲಿ ಗಣಿ ಮುಚ್ಚಿತು, ಆ ಆಳದಲ್ಲಿ ಈಗ ನೀರು. ಬೆಟ್ಟದ ಮೇಲೊಂದು ಕಣ್ಣು, ಹತ್ತಿರದಲ್ಲೇ ಪಾತಾಳದಲ್ಲೊಂದು ತಕ್ಕಡಿ, ಎರಡೂ ನಮ್ಮ ಕೈಯಲ್ಲಿರಬಹುದಿತ್ತು ಎಂಬ ಸಂಕಟ ನನಗೆ ಹೋಗುವುದೇ ಇಲ್ಲ.

ಥೋರಿಯಂ ದೀಪ ಹೊತ್ತಿಸಿ ಅಲೆಯುದ್ದದ ಅಳತೆ ಸರಿಪಡಿಸುತ್ತಾರೆ. ನಸುಕಿಗೆ ಮುನ್ನ ಇನ್ನೆರಡು ದೈತ್ಯಗಳಿಗೆ ಸಮಯವಿದೆ. ಗುಮ್ಮಟ ತಿರುಗತೊಡಗುತ್ತದೆ.