ಹೇಳಿದವರು ಯಾರು?

ಮೈಸೂರಿನವರಾದ ನಮಗೆ ಆಕಾಶವಾಣಿ ಎಂದರೆ ಹೆಮ್ಮೆ ಒಂದು ಗುಲಗಂಜಿ ಹೆಚ್ಚು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರ ತೆರೆದರು. ಅದರ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ವಾಣಿ ಆಕಾಶದ್ದಾದರೂ ಅದಕ್ಕೊಂದು ಮನೆಯಿತ್ತು, ಆಡಿದ ಮಾತಿಗೆ ಹೊಣೆಯಾಗುವ ಮೇಷ್ಟರಿದ್ದರು.

ನಮ್ಮ ಬಾಲ್ಯದಲ್ಲಿ ಪ್ರತಿಯೊಂದು ಮಾಧ್ಯಮಕ್ಕೂ ಅದರದೇ ಜಾಗ, ಅದರದೇ ಹೊತ್ತು. ಉರ್ದು ಅಖ್ಬಾರ್ ಅಬ್ಬಾನ ಕುರ್ಚಿಯದು. ರೇಡಿಯೋ ಅಮ್ಮಿಯ ಅಡುಗೆಮನೆಯದು. ಕನ್ನಡ ಪತ್ರಿಕೆ ಚಹಾದಂಗಡಿಯದು. ಟಿ.ವಿ. ಪಕ್ಕದ ಮನೆಯದು; ಭಾನುವಾರ ಆ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ.

ಈಗ ಎಲ್ಲವೂ ಅಂಗೈಗೆ ಇಳಿದಿವೆ. ಪತ್ರಿಕೆಯ ಪುಟ ಫೋಟೋ ಆಗಿ ಬರುತ್ತದೆ. ರೇಡಿಯೋ ಸಂದರ್ಶನ ವೀಡಿಯೋ ಆಗುತ್ತದೆ. ಟಿ.ವಿ. ಚರ್ಚೆ ಅರ್ಧ ನಿಮಿಷದ ತುಣುಕಾಗಿ, ಮೇಲೊಂದು ಸಿನಿಮಾ ಹಾಡು ಹೊದ್ದು ಬರುತ್ತದೆ. ನಮ್ಮೂರಲ್ಲಿ 1970ರಲ್ಲಿ ಹುಟ್ಟಿದ ಸಂಸ್ಕೃತ ದಿನಪತ್ರಿಕೆ 'ಸುಧರ್ಮಾ' ಕೂಡ ಅಂತರ್ಜಾಲಕ್ಕೆ ಬಂದಿದೆ.

ಇದರಿಂದ ಆದ ಲಾಭವನ್ನು ಮರೆಯಲಾಗದು. ನಮ್ಮ ಅಮ್ಮಿಗೆ ಕನ್ನಡ ಅಕ್ಷರ ಬಾರದು. ಇಷ್ಟು ವರ್ಷ ನಾವು ಕನ್ನಡದಲ್ಲಿ ಬರೆದ ಕತೆಗಳು ಅವರಿಗೆ ಬರೀ ಕರಿ ಚುಕ್ಕೆಗಳು. ಈಚೆಗೆ ತಂಗಿಯ ಮಗಳೊಬ್ಬಳು ಒಂದು ಕತೆಯನ್ನು ಮನೆಯ ಮಾತಿನಲ್ಲಿ ಓದಿ, ದನಿಮುದ್ರಿಸಿ ಕಳುಹಿಸಿದಳು. ಅಮ್ಮಿ ಎರಡು ಸಲ ಕೇಳಿದರು. "ಆ ಮುದುಕಿ ನಾನೇ ತಾನೆ?" ಎಂದರು. ಯಾವ ವಿಮರ್ಶಕರೂ ನಮ್ಮನ್ನು ಹಾಗೆ ಹಿಡಿದಿರಲಿಲ್ಲ.

ಅದೇ ಕತೆ ಹದಿನೈದು ದಿನಕ್ಕೆ ಬೇರೊಂದು ಗುಂಪಿನಿಂದ ನಮಗೇ ಮರಳಿ ಬಂತು. ಪುಟದ ಅಂಚು ಕತ್ತರಿಸಿತ್ತು. ನಮ್ಮ ಹೆಸರಿಲ್ಲ, ಪತ್ರಿಕೆಯ ಹೆಸರೂ ಇಲ್ಲ. ಕೆಳಗೆ "ಯಾರೋ ಚೆನ್ನಾಗಿ ಬರೆದಿದ್ದಾರೆ" ಎಂಬ ಒಕ್ಕಣೆ. ಕತೆಗೆ ಹೆಸರು ತಪ್ಪಿದರೆ ಕತೆಗಾರನಿಗಷ್ಟೇ ನೋವು. ಸುದ್ದಿಗೆ ತಪ್ಪಿದರೆ?

2025ರ ಫೆಬ್ರುವರಿಯಲ್ಲಿ ನಮ್ಮ ಉದಯಗಿರಿ ಅದನ್ನು ಕಂಡಿತು. ಸಾಮಾಜಿಕ ಜಾಲತಾಣದಲ್ಲಿ ಒಂದು ಅವಹೇಳನದ ಪೋಸ್ಟ್ ಹರಿದಾಡಿತು. ಹಾಕಿದವನನ್ನು ಪೊಲೀಸರು ಬಂಧಿಸಿದ್ದರು. ಆದರೂ ರಾತ್ರಿ ಠಾಣೆಯ ಮುಂದೆ ಜನ ಸೇರಿದರು, ಕಲ್ಲುಗಳು ಹಾರಿದವು, ಪೊಲೀಸರು ಗಾಯಗೊಂಡರು. ಪೋಸ್ಟ್ ಹಾಕಿದ್ದೂ ತಪ್ಪು, ಕಲ್ಲು ಎತ್ತಿದ್ದೂ ತಪ್ಪು. ಆದರೆ ಅವಮಾನ ತಲುಪಿದಷ್ಟು ಬೇಗ, ಅಷ್ಟೇ ನಂಬಿಕೆಯಾಗುವಂತೆ, ಬಂಧನದ ಸುದ್ದಿ ಅವರನ್ನು ತಲುಪಿತ್ತೆ? ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಕನ್ನಡದಲ್ಲಿ ಸುದ್ದಿಗೆ 'ವರ್ತಮಾನ' ಎಂಬ ಚೆಂದದ ಹೆಸರಿದೆ. ಈಗ ನಡೆಯುತ್ತಿರುವುದು ಎಂದರ್ಥ. ಫೋನಿನಲ್ಲಿ ತಾರೀಖು ಕಳಚಿಕೊಂಡ ಹಳೆಯ ಗಲಭೆಯ ಚಿತ್ರವೂ ವರ್ತಮಾನವೇ! ಅಚ್ಚಾದ ಕಾಗದದ ಮೇಲೆ ಮುದ್ರಕನ ಹೆಸರು, ಊರು ಇರಲೇಬೇಕೆಂದು ಬ್ರಿಟಿಷರು 1867ರಲ್ಲಿ ಕಾನೂನು ಮಾಡಿದ್ದು ತಮ್ಮ ಕಾವಲಿಗಾಗಿ. ಆದರೂ ಅದರಿಂದ ಓದುಗನಿಗೊಂದು ಉಪಕಾರವಾಯಿತು: ಸುಳ್ಳು ಕಂಡರೆ ಯಾರ ಬಾಗಿಲು ಬಡಿಯಬೇಕೆಂದು ಗೊತ್ತಿತ್ತು. ಮಾಧ್ಯಮಗಳು ಬೆರೆತು ಒಂದಾಗಲಿ, ಅದನ್ನು ತಡೆಯುವವರು ನಾವಾರೂ ಅಲ್ಲ. ಯಾರು ಹೇಳಿದರು, ಎಲ್ಲಿ, ಯಾವತ್ತು ಎಂದು ಕೇಳುವ ಕೆಲಸ ಮಾತ್ರ ಸಂಪಾದಕರ ಮೇಜಿನಿಂದ ನಮ್ಮ ಹೆಬ್ಬೆರಳಿಗೆ ಬಂದಿದೆ.

ಈ ಪುಟವನ್ನೂ ಯಾರಾದರೂ ಫೋಟೋ ತೆಗೆದು ಕಳುಹಿಸಬಹುದು. ಸಂತೋಷ. ಪತ್ರಿಕೆಯ ಹೆಸರು, ತಿಂಗಳು ಇರುವ ಅಂಚನ್ನು ದಯವಿಟ್ಟು ಕತ್ತರಿಸಬೇಡಿ.