ಅಲಗಿನ ಮೇಲಿನ ಗೀರುಗಳು

ಗೃಹಕೃತ್ಯದ ಉಪಕರಣಗಳಲ್ಲಿ ಕತ್ತಿಯಷ್ಟು ಹೆಚ್ಚಾಗಿ ದುಡಿದು, ಕತ್ತಿಯಷ್ಟು ಕಡಮೆ ಆರೈಕೆಯನ್ನು ಪಡೆಯುವ ವಸ್ತು ಬೇರೊಂದಿಲ್ಲವೆಂದು ನಮಗೆ ತೋರುತ್ತದೆ. ತಾಮ್ರದ ಹಂಡೆಗೆ ಹುಣಿಸೆಹಣ್ಣಿನ ಸ್ನಾನವುಂಟು. ಹಿತ್ತಾಳೆಯ ದೀಪಗಳು ಹಬ್ಬ ಬಂದಾಗಲೆಲ್ಲ ಬೆಳಗಿಸಿಕೊಳ್ಳುತ್ತವೆ. ಕತ್ತಿಗಾದರೋ ಆಯುಧಪೂಜೆಯ ದಿನ ಕುಂಕುಮದ ಒಂದು ಬೊಟ್ಟು. ಮರುದಿನದಿಂದ ಮತ್ತೆ ಕುಂಬಳ ಹಲಸುಗಳ ಸೇವೆ. ಮೊಂಡಾದಾಗ ಅದನ್ನು ಬೈಯುವೆವಲ್ಲದೆ, ಅದರ ಮುಖವನ್ನು ನೋಡುವವರು ಕಡಮೆ.

ಈಚೆಗೆ ಕೆಲವು ಗೃಹಸ್ಥರು ಈ ಕೆಲಸವನ್ನು ತಾವೇ ಮಾಡಿಕೊಳ್ಳತೊಡಗಿರುವುದು ಸಂತೋಷದ ಸಂಗತಿ. ಅಂಗಡಿಯಲ್ಲಿ ‘ವಾಟರ್ ಪೇಪರ್’ ಎಂದು ಕೇಳಿದರೆ, ನೀರಿನಲ್ಲಿ ನೆನೆದರೂ ಹರಿಯದ ಉಪ್ಪುಕಾಗದವು ಅಲ್ಪ ಬೆಲೆಗೆ ದೊರೆಯುತ್ತದೆ. ಆದರೆ ಕೆಲಸಕ್ಕೆ ಕೈಹಾಕಿದವರೆಲ್ಲರ ದೂರೂ ಒಂದೇ: “ಎಷ್ಟು ಉಜ್ಜಿದರೂ ಗೀರುಗಳು ಸಮನಾಗುವುದಿಲ್ಲ, ಒಂದು ಕಡೆ ಕನ್ನಡಿ, ಒಂದು ಕಡೆ ಬೆಕ್ಕು ಪರಚಿದ ಹಾಗೆ.”

ನಮ್ಮ ಸೋದರಳಿಯನು ಕಳೆದ ವರ್ಷ ಇದೇ ದೂರನ್ನು ಹೊತ್ತು ಬಂದನು. ಅವನ ಕೈಯಲ್ಲಿದ್ದುದು ನಮ್ಮ ಅಕ್ಕನ ಅಡಿಗೆಮನೆಯ ಕತ್ತಿ. ಊರಿನ ಕಮ್ಮಾರನು ಲಾರಿಯ ಕಮಾನುಪಟ್ಟಿಯನ್ನು ಕಾಯಿಸಿ ಬಡಿದು ಮಾಡಿಕೊಟ್ಟಿದ್ದ ಗೇಣುದ್ದದ ಅಲಗು. ನಾಲ್ವತ್ತು ವರ್ಷ ಅಕ್ಕನ ಕೈಯಲ್ಲಿ ಸವೆದದ್ದು. ಆಕೆ ತೀರಿಕೊಂಡ ಮೇಲೆ ತುಕ್ಕು ಹಿಡಿದು ಬಿದ್ದಿದ್ದ ಅದನ್ನು ಶುದ್ಧಮಾಡಿ, ಹೊಸದಾಗಿ ಸಂಸಾರ ಹೂಡಿದ್ದ ತನ್ನ ಮಗಳಿಗೆ ಕೊಡಬೇಕೆಂಬುದು ಅವನ ಆಸೆ. “ಮಾವ, ಮೂರು ದಿನ ಉಜ್ಜಿದೆ. ಇನ್ನು ಪೇಟೆಗೆ ಒಯ್ದು ಮೋಟಾರು ಸಾಣೆಗೆ ಕೊಟ್ಟು, ಒಂದೇ ಸಲ ಎಲ್ಲವನ್ನೂ ತೆಗೆಸಿಬಿಡುತ್ತೇನೆ,” ಎಂದನು. “ತಡೆಯಪ್ಪಾ, ಹೋದ ಉಕ್ಕನ್ನು ಯಾವ ಕಮ್ಮಾರನೂ ಮರಳಿ ತಂದುಕೊಡಲಾರ, ಮೊದಲು ಈ ಗೀರುಗಳು ಏನು ಹೇಳುತ್ತವೆಯೋ ಕೇಳೋಣ,” ಎಂದು ನಾವು ಕತ್ತಿಯನ್ನು ಕಿಟಕಿಯ ಬಳಿಗೆ ಒಯ್ದೆವು.

ಗೀರುಗಳನ್ನು ನೋಡಲು ನೆತ್ತಿಯ ಮೇಲಿನ ಬೆಳಕು ಸಾಲದು. ಅಲಗನ್ನು ಒರಸಿ ಒಣಗಿಸಿ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಮೆಲ್ಲನೆ ತಿರುಗಿಸಿದರೆ, ಅಡಗಿದ್ದ ಗೀರೆಲ್ಲವೂ ಎದ್ದು ಕಾಣುತ್ತದೆ. ಅಳಿಯನ ಕತ್ತಿಯಲ್ಲಿ ನಯವಾದ ಗೀರುಗಳ ಅಡಿಯಲ್ಲಿ ಆಳವಾದ ಗೀರುಗಳು ಹಾಗೆಯೇ ಉಳಿದಿದ್ದವು. ವಿಚಾರಿಸಲಾಗಿ, 120ನೆಯ ಸಂಖ್ಯೆಯ ಕಾಗದದಿಂದ ನೇರವಾಗಿ 600ಕ್ಕೆ ಹಾರಿದ್ದನೆಂದು ತಿಳಿಯಿತು.

ಕಾಗದದ ಬೆನ್ನಿನ ಮೇಲಿನ ಸಂಖ್ಯೆ ಹೆಚ್ಚಿದಷ್ಟೂ ಅದರ ಕಣವು ಸಣ್ಣದು. ಪಿ-120ರ ಕಣವು ಸುಮಾರು 125 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ; ಪಿ-220ರದು 68, ಪಿ-400ರದು 35, ಪಿ-600ರದು 26ರಷ್ಟು. ದಪ್ಪ ಕಣವು ಉತ್ತ ಸಾಲನ್ನು ಅದಕ್ಕಿಂತ ಒಂದು ಮೆಟ್ಟಲು ಸಣ್ಣದಾದ ಕಣವು ಬೇಗ ತುಂಬ ಸವೆಸಬಲ್ಲುದು. ನಾಲ್ಕು ಮೆಟ್ಟಲು ಸಣ್ಣದಾದುದು ಸಾಲಿನ ದಿಣ್ಣೆಗಳಿಗೆ ಹೊಳಪು ಕೊಡುವುದೇ ಹೊರತು ತಳವನ್ನು ಮುಟ್ಟಲಾರದು. ಆದುದರಿಂದ 120, 220, 400, 600 ಎಂದು ಮೆಟ್ಟಲು ಮೆಟ್ಟಲಾಗಿಯೇ ಏರತಕ್ಕದ್ದು.

ಒಂದು ಮೆಟ್ಟಲು ಮುಗಿಯಿತೆಂದು ತಿಳಿಯುವುದು ಹೇಗೆ? ಅದಕ್ಕೊಂದು ಸುಲಭವಾದ ಉಪಾಯವಿದೆ. ಮೊದಲನೆಯ ಕಾಗದವನ್ನು ಅಲಗಿಗೆ ಅಡ್ಡವಾಗಿ ಓಡಿಸಿದರೆ, ಎರಡನೆಯದನ್ನು ಓರೆಯಾಗಿ ಓಡಿಸಬೇಕು. ಮೂರನೆಯದನ್ನು ಎದುರಿನ ಓರೆಗೆ. ಹಳೆಯ ದಿಕ್ಕಿನ ಒಂದೇ ಒಂದು ಗೀರು ಉಳಿದಿದ್ದರೂ ಅದು ಹೊಸ ಗೀರುಗಳ ನಡುವೆ ಪರವೂರಿನವನಂತೆ ಕಾಣಿಸಿಕೊಳ್ಳುತ್ತದೆ. ಅದು ಮಾಯವಾಗುವ ತನಕ ಮುಂದಿನ ಕಾಗದವನ್ನು ಮುಟ್ಟಬಾರದು. ಎಲ್ಲ ಗೀರುಗಳನ್ನೂ ಒಂದೇ ದಿಕ್ಕಿನಲ್ಲಿ ಎಳೆಯುವವನಿಗೆ ಹಳೆಯದಾವುದು ಹೊಸದಾವುದು ಎಂಬುದೇ ತಿಳಿಯದು.

ಇನ್ನೊಂದು ಬಗೆಯ ಗೀರು ಒಂಟಿಯಾಗಿ ಬರುತ್ತದೆ. ನಯವಾದ ಅಲಗಿನ ನಡುವೆ, ಯಾವ ಸಾಲಿಗೂ ಸೇರದೆ, ಆಳವಾಗಿ ಬಿದ್ದ ಗೆರೆಯು ತಪ್ಪಿಸಿಕೊಂಡು ಬಂದ ಒಂದು ದಪ್ಪ ಕಣದ ಕೆಲಸ. ಹಿಂದಿನ ಕಾಗದದ ಪುಡಿಯು ನೀರಿನಲ್ಲೋ ಬಟ್ಟೆಯಲ್ಲೋ ಉಗುರಿನ ಸಂದಿನಲ್ಲೋ ಉಳಿದಿರುತ್ತದೆ. ಪ್ರತಿಯೊಂದು ಮೆಟ್ಟಲಿನಲ್ಲೂ ಅಲಗನ್ನೂ ಕೈಯನ್ನೂ ತೊಳೆದು, ನೀರನ್ನೂ ಬಟ್ಟೆಯನ್ನೂ ಬದಲಾಯಿಸಿದರೆ ಈ ಕಾಟ ತಪ್ಪುತ್ತದೆ. ಲೋಹದ ಪುಡಿ ಮೆತ್ತಿ ಕಪ್ಪಾದ ಕಾಗದವನ್ನು ಉಳಿತಾಯವೆಂದು ಮತ್ತೆ ಮತ್ತೆ ಬಳಸುವುದೂ ಸಲ್ಲದು. ಮೆತ್ತಿದ ಗಂಟುಗಳೇ ಗೀರುತ್ತವೆ.

ಮೂರನೆಯ ಕಾರಣವು ಕೈಯ ಒತ್ತಡ. ಬೆರಳಿನಿಂದ ಕಾಗದವನ್ನು ಒತ್ತಿದರೆ ಬೆರಳಿನ ಕೆಳಗೆ ತಗ್ಗು, ಬೆರಳುಗಳ ನಡುವೆ ದಿಣ್ಣೆ. ಕಾಗದವನ್ನು ಚಪ್ಪಟೆಯಾದ ಗಟ್ಟಿಮರದ ತುಂಡಿಗೆ ಸುತ್ತಿ ಉಜ್ಜಬೇಕು. ಸಾಣೆಕಲ್ಲಿಗೂ ಇದೇ ನ್ಯಾಯ: ನಡುವೆ ಕುಳಿಬಿದ್ದ ಕಲ್ಲು ಅಲಗನ್ನು ಎಲ್ಲ ಕಡೆಯೂ ಮುಟ್ಟುವುದಿಲ್ಲ. ಕಲ್ಲಿನ ಮೇಲೆ ಸೀಸದ ಕಡ್ಡಿಯಿಂದ ಚೌಕಳಿ ಗೆರೆಗಳನ್ನೆಳೆದು, ದಪ್ಪ ಗಾಜಿನ ಮೇಲೆ ಹಾಸಿದ ಒದ್ದೆ ಉಪ್ಪುಕಾಗದಕ್ಕೆ ಉಜ್ಜಿ ನೋಡಿರಿ. ಗೆರೆ ಅಳಿಯದೆ ಉಳಿದಲ್ಲಿ ಕುಳಿಯಿದೆಯೆಂದು ತಿಳಿಯಿರಿ. ಗೆರೆಗಳೆಲ್ಲ ಅಳಿದಾಗ ಕಲ್ಲು ಸಮವಾಯಿತು.

ನಾಲ್ಕನೆಯದು ಉಕ್ಕಿನ ಸ್ವಭಾವ. ಕಮ್ಮಾರನು ಬಾಯಿಯ ಭಾಗಕ್ಕೆ ಮಾತ್ರ ಹದ ಕೊಟ್ಟಿದ್ದರೆ ಬಾಯಿ ಗಡುಸು, ಬೆನ್ನು ಮೆದು. ಒಂದೇ ಕಾಗದ ಒಂದೇ ಒತ್ತಡದಲ್ಲಿ ಮೆದುವಾದಲ್ಲಿ ಆಳವಾಗಿಯೂ ಗಡುಸಾದಲ್ಲಿ ತೆಳುವಾಗಿಯೂ ಗೀರುತ್ತದೆ. ಇದು ಉಜ್ಜುವವನ ದೋಷವಲ್ಲ, ಕಮ್ಮಾರನ ಸಹಿ.

ಕೊನೆಯದಾಗಿ, ಗೀರಿನ ತುದಿಯು ಕೊಕ್ಕೆಯಂತೆ ಬಾಗಿದ್ದರೆ, ಹಿಂದೆಮುಂದೆ ಆಡಿಸುವಾಗ ಕೈ ತಿರುಗಿದ ಜಾಗವದು. ಕೊನೆಯ ಹೊಸ ಕಾಗದದಿಂದ ಹಿಡಿಯ ಕಡೆಯಿಂದ ಮೊನೆಯ ತನಕ ಒಂದೇ ದಿಕ್ಕಿನಲ್ಲಿ, ನಡುವೆ ನಿಲ್ಲಿಸದೆ ಎಳೆದರೆ ಕೊಕ್ಕೆಗಳು ಹೋಗುತ್ತವೆ.

ಮೋಟಾರು ಸಾಣೆಯು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಬಲ್ಲವನ ಕೈಯಲ್ಲಿ ಅದು ಒಳ್ಳೆಯ ಸಾಧನವೇ. ಆದರೆ ತೆಳ್ಳಗಿನ ಅಲಗು ಅಲ್ಲಿ ಕ್ಷಣಮಾತ್ರದಲ್ಲಿ ಕಾಯುತ್ತದೆ. ಉಕ್ಕು ನೀಲಿಬಣ್ಣಕ್ಕೆ ತಿರುಗಿತೆಂದರೆ ಶಾಖವು 300 ಡಿಗ್ರಿ ಸೆಂಟಿಗ್ರೇಡಿನ ಸಮೀಪಕ್ಕೆ ಏರಿತೆಂದು ಅರ್ಥ. ಇಂಥ ಕತ್ತಿಯ ಹದವು ಅಲ್ಲಿಗೆ ಇಳಿಯುತ್ತದೆ, ಆಮೇಲೆ ಬಾಯಿ ನಿಲ್ಲದು. ಮತ್ತೆ ಮತ್ತೆ ನೀರಿನಲ್ಲಿ ಅದ್ದದೆ ಸಾಣೆಗೊಡ್ಡುವವನಿಗೆ ಮನೆಯ ಹಳೆಯ ಕತ್ತಿಯನ್ನು ಒಪ್ಪಿಸಬಾರದು.

ಅಳಿಯನು 220ಕ್ಕೆ ಹಿಂದಿರುಗಿ, ಎರಡು ಸಂಜೆಗಳಲ್ಲಿ ಕೆಲಸವನ್ನು ಮುಗಿಸಿದನು. ಮೊನೆಯ ಹತ್ತಿರ ಮಾತ್ರ ಒಂದು ಕಪ್ಪು ಚುಕ್ಕೆ ಹೋಗಲಿಲ್ಲ. ಅದು ಗೀರಲ್ಲ, ತುಕ್ಕು ತಿಂದ ಕುಳಿ. ಅಲ್ಲಿ ಅಲಗು ಅಕ್ಕನ ಮಸೆತದಿಂದಲೇ ತೆಳುವಾಗಿತ್ತು. ಕುಳಿಯನ್ನು ಬೆನ್ನಟ್ಟಿದ್ದರೆ ಮೊನೆಯೇ ಹೋಗುತ್ತಿತ್ತು. “ಇದು ಇರಲಿ,” ಎಂದೆವು. ಅವನೂ ಒಪ್ಪಿದನು. ಈಗ ಆ ಕತ್ತಿಯು ಮಗಳ ಅಡಿಗೆಮನೆಯಲ್ಲಿ ದಿನವೂ ತರಕಾರಿ ಹೆಚ್ಚುತ್ತಿದೆ.

ಎಚ್ಚರದ ಮಾತು ಎರಡು. ಉಜ್ಜುವಾಗ ಬಾಯಿಗೆ ದಪ್ಪ ಪಟ್ಟಿಯನ್ನು ಅಂಟಿಸಿ, ಅಲಗನ್ನು ಹಲಗೆಗೆ ಬಿಗಿದಿರಬೇಕು. ಕೈಯಲ್ಲಿ ಹಿಡಿದು ಉಜ್ಜಬಾರದು. ಮುಗಿದೊಡನೆ ತೊಳೆದು, ಒಣಗಿಸಿ, ತೆಂಗಿನೆಣ್ಣೆಯನ್ನು ತೆಳುವಾಗಿ ಸವರಬೇಕು. ಹೊಸದಾಗಿ ಉಜ್ಜಿದ ಉಕ್ಕಿಗೆ ತುಕ್ಕು ಒಂದೇ ರಾತ್ರಿಯಲ್ಲಿ ಹಿಡಿಯಬಲ್ಲುದು.

ಗೀರು ಸಮನಾಗದಿದ್ದಾಗ ಬಲವನ್ನು ಹೆಚ್ಚಿಸುವುದು ಮನುಷ್ಯಸ್ವಭಾವ. ಆದರೆ ಒಂದು ಮೆಟ್ಟಲು ಕೆಳಗಿಳಿದು, ಬಿಟ್ಟುಬಂದ ಕೆಲಸವನ್ನು ಮುಗಿಸಿ ಬರುವವನೇ ಬೇಗ ಗುರಿ ಮುಟ್ಟುತ್ತಾನೆ. ಎಷ್ಟು ತೆಗೆಯಬೇಕೆಂಬುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಎಷ್ಟನ್ನು ಉಳಿಸಬೇಕೆಂಬುದನ್ನು ಕಲಿತವನ ಮನೆಯಲ್ಲಿ ಕತ್ತಿಯು ಮೂರು ತಲೆಮಾರು ಬಾಳುತ್ತದೆ.